ಸೋಲಾರ್ ಇದ್ದರೂ ಬಿಲ್ ಯಾಕೆ ಇಳಿಯದು?

"ಸೋಲಾರ್ ಹಾಕ್ಸೇವ್ರೀ, ಆದ್ರ ಕರೆಂಟ್ ಬಿಲ್ ಇಳೀವಲ್ದು ನೋಡ್ರಿ." ಬಾಗಲಕೋಟೆಯ ನವನಗರದಲ್ಲಿ ಚಳಿಗಾಲ ಬಂತೆಂದರೆ ಇಂಥ ದೂರು ಕಿವಿಗೆ ಬೀಳುತ್ತಲೇ ಇರುತ್ತದೆ. ಮನೆಯವರು ಕಂಪನಿಯವನನ್ನು ಬೈಯುತ್ತಾರೆ, ಕಂಪನಿಯವನು ಮೋಡವನ್ನು ಬೈಯುತ್ತಾನೆ. ಬಹಳ ಸಲ ತಪ್ಪು ಬಚ್ಚಲ ಬಾಗಿಲ ಪಕ್ಕದ ಒಂದು ಸ್ವಿಚ್ಚಿನದಾಗಿರುತ್ತದೆ. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ಅಜ್ಜ-ಅಜ್ಜಿಯರ ಕಾಲದ ತಾಮ್ರದ ಬಂಬದ ಹತ್ತಿರ ಹೋಗಬೇಕು.

ಹುನಗುಂದ, ಇಳಕಲ್ ಕಡೆಯ ಹಳೆಯ ಮನೆಗಳ ಹಿತ್ತಲಲ್ಲಿ ಬಂಬ ಈಗಲೂ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಹೊರಗೆ ಉದ್ದನೆಯ ತಾಮ್ರದ ಪಾತ್ರೆ, ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ತೂರಿಹೋದ ಒಂದು ಕೊಳವೆ. ಕೊಳವೆಯ ತಳದಲ್ಲಿ ಜಾಳಿಗೆ. ಅದರ ಮೇಲೆ ಕಟ್ಟಿಗೆ ಚೂರು, ಇದ್ದಿಲು, ಮೆಕ್ಕೆಜೋಳದ ದಂಟು. ಉರಿ ಒಳಗೆ, ನೀರು ಸುತ್ತಲೂ. ಬಚ್ಚಲ ಒಲೆಯ ಮೇಲೆ ಕೂತ ಹಂಡೆಗೆ ಬೆಂಕಿ ತಾಗುವುದು ತಳಕ್ಕೆ ಮಾತ್ರ. ಮಿಕ್ಕ ಶಾಖ ಹಂಡೆಯ ಮೈಯನ್ನು ಕಪ್ಪಾಗಿಸಿ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಬಂಬದಲ್ಲಿ ಹೊಗೆಯೂ ಚಿಮಣಿ ಸೇರುವ ಮೊದಲು ನೀರಿಗೆ ಒಂದಿಷ್ಟು ಶಾಖ ಕೊಟ್ಟೇ ಹೋಗಬೇಕು.

ಬಂಬದ ನಿಜವಾದ ಜಾಣತನ ನೀರು ತೆಗೆಯುವ ಬಗೆಯಲ್ಲಿದೆ. ಮೇಲೊಂದು ಆಲಿಕೆ ಇರುತ್ತದೆ, ಅದರ ನಳಿಗೆ ತಳದವರೆಗೆ ಇಳಿದಿರುತ್ತದೆ. ಆಲಿಕೆಗೆ ಒಂದು ತಂಬಿಗೆ ತಣ್ಣೀರು ಹೊಯ್ದರೆ ಅದು ತಳ ಸೇರಿ, ಮೇಲಿನ ಬಾಯಿಂದ ಒಂದು ತಂಬಿಗೆ ಬಿಸಿನೀರು ಹೊರಬೀಳುತ್ತದೆ. ಎರಡೂ ಬೆರೆಯುವುದಿಲ್ಲ. 20 ಡಿಗ್ರಿಯ ಒಂದು ಘನಮೀಟರ್ ನೀರು 998 ಕಿಲೋ ತೂಗಿದರೆ 60 ಡಿಗ್ರಿಯದು 983 ಕಿಲೋ. ಅಷ್ಟು ವ್ಯತ್ಯಾಸ ಸಾಕು, ಬಿಸಿ ಮೇಲೆ, ತಂಪು ಕೆಳಗೆ ಪದರಾಗಿ ನಿಲ್ಲುತ್ತವೆ. ಇನ್ನೊಂದು ಲಾಭವೂ ಉಂಟು: ಹೊಯ್ದಷ್ಟೇ ಹೊರಬರುವುದರಿಂದ ಬಂಬ ಎಂದೂ ಬರಿದಾಗದು. ನೀರಿಲ್ಲದೆ ಉರಿ ಹಾಕಿದರೆ ಬೆಸುಗೆ ಬಿಟ್ಟು ಬಂಬ ಗುಜರಿಗೆ ಹೋಗುತ್ತದೆ. ಹಚ್ಚುವ, ನಿಲ್ಲಿಸುವ ಸಾಧನ ಒಂದೂ ಇಲ್ಲದೆ ನಿಯಂತ್ರಣದ ಅರ್ಧ ಕೆಲಸವನ್ನು ಆ ನಳಿಗೆಯೊಂದೇ ಮಾಡಿದೆ.

ಒಂದು ಲೆಕ್ಕ ಹಾಕೋಣ. ನಾಲ್ಕು ಮಂದಿಯ ಸ್ನಾನಕ್ಕೆ ತಲಾ 15 ಲೀಟರು, ಒಟ್ಟು 60 ಲೀಟರು. ಅಷ್ಟು ನೀರನ್ನು 22 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 4,500 ಕಿಲೋಜೂಲ್ ಬೇಕು, ಅಂದರೆ ಒಂದೂಕಾಲು ಯೂನಿಟ್. ಒಣ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 16,000 ಕಿಲೋಜೂಲ್ ಇರುತ್ತದೆ. ಶಾಖವೆಲ್ಲ ನೀರಿಗೇ ಹೋಗುವಂತಿದ್ದರೆ ಮುನ್ನೂರು ಗ್ರಾಂ ಕಟ್ಟಿಗೆ ಸಾಕಿತ್ತು. ನೂರರಲ್ಲಿ ಹತ್ತೇ ಪಾಲು ನೀರಿಗೆ ಸಿಗುವ ತೆರೆದ ಒಲೆಗೆ ಮೂರು ಕಿಲೋ ಹತ್ತಿರ ಬೇಕು. ಈ ಸೋರಿಕೆಯನ್ನು ತಡೆಯುವುದನ್ನೇ ಕೆಲಸವಾಗಿಸಿಕೊಂಡವರು ನಮ್ಮಲ್ಲೇ ಇದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಅಸ್ತ್ರ ಒಲೆ ಬಂತು. ಪಾತ್ರೆ ಬಿಗಿಯಾಗಿ ಕೂರುವ ಬಾಯಿ, ತಳದ ಜಾಳಿಗೆ, ಗಾಳಿಗೆ ಅಳತೆಯ ದಾರಿ, ಹೊಗೆಗೆ ಕೊಳವೆ: ಹಳ್ಳಿಯ ಅಡುಗೆಮನೆಯಲ್ಲಿ ಕಟ್ಟಿಗೆಯೂ ಉಳಿಯಿತು, ಕಣ್ಣುರಿಯೂ ಕಡಿಮೆಯಾಯಿತು.

ಹೊಗೆಯ ಜೊತೆ ಎಷ್ಟು ಶಾಖ ಹೋಗುತ್ತದೆ ಎಂಬುದೇ ದೊಡ್ಡ ಬಾಯ್ಲರುಗಳ ಚಿಂತೆಯೂ ಹೌದು. ಇದೇ ಜಿಲ್ಲೆಯ ಸಮೀರವಾಡಿಯಂಥ ಕಡೆ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಉಗಿ, ವಿದ್ಯುತ್ತು ಎರಡನ್ನೂ ಪಡೆಯುತ್ತವೆ. ಗಾಣದಿಂದ ಬಂದ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಆ ನೀರನ್ನು ಆವಿ ಮಾಡಲು ಉರಿಯ ಒಂದು ಪಾಲು ಖರ್ಚಾಗುತ್ತದೆ, ಆವಿ ಚಿಮಣಿ ಹತ್ತಿ ಹೋಗುತ್ತದೆ. ಕಟ್ಟಿಗೆ ಹಸಿಯಿದ್ದರೆ ಒಲೆ ಯಾಕೆ ಸತಾಯಿಸುತ್ತದೆ ಎಂಬುದಕ್ಕೂ ಉತ್ತರ ಇದೇ.

ಒಣಗಿದ ಇಂಧನಕ್ಕೂ ಈ ನಷ್ಟ ತಪ್ಪಿದ್ದಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರು ಆವಿಯಾಗಿ ಹುಟ್ಟುತ್ತದೆ. ಆವಿಯಲ್ಲಿ ಅಡಗಿದ ಶಾಖವನ್ನು ಮರಳಿ ಪಡೆಯುವ ಬಾಯ್ಲರು ಇಂಗ್ಲೆಂಡಿನ ಮನೆಗಳಲ್ಲಿ ಇಂದು ಸಾಮಾನ್ಯ. ಕೂಡಲಸಂಗಮದ ಬಸವಣ್ಣನ ಪ್ರತಿಮೆ 2015ರಲ್ಲಿ ಥೇಮ್ಸ್ ದಂಡೆಯ ಮೇಲೆ ನಿಂತಿತಲ್ಲ, ಆ ಲಂಡನ್ನಿನ ಕನ್ನಡ ಮನೆಗಳೂ ಚಳಿ ಕಳೆಯುವುದು ಬಹುಪಾಲು ಇಂಥ ಗ್ಯಾಸ್ ಬಾಯ್ಲರುಗಳಿಂದಲೇ. ಕೋಣೆಗಳ ಗೋಡೆಗೆ ಒರಗಿದ ರೇಡಿಯೇಟರುಗಳಲ್ಲಿ ಸುತ್ತಿ ತಣಿದು ಮರಳುವ ನೀರು, ಹೊಗೆ ಹೊರಹೋಗುವ ದಾರಿಯನ್ನು ತಂಪಾಗಿಸುತ್ತದೆ; ಆವಿ ಹನಿಗಟ್ಟಿ ತನ್ನ ಶಾಖ ಬಿಟ್ಟುಕೊಡುತ್ತದೆ. 2005ರ ಏಪ್ರಿಲ್‌ನಿಂದ ಅಲ್ಲಿ ಹೊಸದಾಗಿ ಕೂಡಿಸುವ ಬಾಯ್ಲರು ಸಾಮಾನ್ಯವಾಗಿ ಈ ಬಗೆಯದೇ ಇರಬೇಕು. ಆದರೆ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಂಪಾಗಿದ್ದರೆ ಮಾತ್ರ ಹನಿಗಟ್ಟುತ್ತದೆ. ಎಷ್ಟೋ ಮನೆಗಳಲ್ಲಿ ಬಾಯ್ಲರನ್ನು 75-80 ಡಿಗ್ರಿಗೆ ಇಟ್ಟುಬಿಡುತ್ತಾರೆ. ಹೊಸ ಬಾಯ್ಲರು ತಂದ ದುಡ್ಡು ಹೊಗೆಯೊಂದಿಗೇ ಹೋಗುತ್ತದೆ. 2018ರಿಂದ ಇಂಗ್ಲೆಂಡಿನ ನಿಯಮ ಬಾಯ್ಲರಿನ ಜೊತೆಗೆ ಹೊತ್ತು ಮತ್ತು ಉಷ್ಣತೆ ನೋಡಿಕೊಳ್ಳುವ ನಿಯಂತ್ರಕವನ್ನೂ ಕೇಳುತ್ತದೆ. ಹೊರಗಿನ ಚಳಿ ಅಳೆದು, ಚಳಿ ಕಡಿಮೆಯಿದ್ದ ದಿನ ನೀರನ್ನು ತಾನೇ ಕಡಿಮೆ ಕಾಯಿಸುವ ಸಾಧನವೂ ಉಂಟು.

ನಮ್ಮಲ್ಲಿ ಮನೆ ಕಾಯಿಸುವ ಗೊಡವೆಯೇ ಇಲ್ಲ, ಏಪ್ರಿಲ್‌ನಲ್ಲಿ ಬಾದಾಮಿಯ ಬಂಡೆಗಳೇ ಆ ಕೆಲಸವನ್ನು ಬೇಡವೆಂದರೂ ಮಾಡುತ್ತವೆ. ನಮಗೆ ಬೇಕಾದದ್ದು ಸ್ನಾನದ ನೀರು. ಗ್ಯಾಸ್ ಗೀಸರು ಆ ನಾಲ್ಕು ಮಂದಿಯ ನೀರನ್ನು ಸುಮಾರು 120 ಗ್ರಾಂ ಅನಿಲದಲ್ಲಿ ಕಾಯಿಸುತ್ತದೆ, 14.2 ಕಿಲೋದ ಸಿಲಿಂಡರು ಅದೊಂದಕ್ಕೇ ಆದರೆ ಮೂರು ತಿಂಗಳ ಮೇಲೂ ಬರುತ್ತದೆ. ಆದರೆ ಬಾಗಿಲು ಹಾಕಿದ ಬಚ್ಚಲೊಳಗೆ ಅದನ್ನು ಕೂಡಿಸಬೇಡಿ. ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದದ್ದುಂಟು. ಗೀಸರು ಗೋಡೆಯ ಹೊರಗಿರಲಿ, ಕೊಳವೆ ಒಳಗೆ ಬರಲಿ.

ಇನ್ನು ಸೂರ್ಯ. ಡಿಸೆಂಬರ್ 21ರ ನಡುಹಗಲಲ್ಲಿ ಲಂಡನ್ನಿನ ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲೇಳುತ್ತಾನೆ. ಅದೇ ದಿನ ಬಾಗಲಕೋಟೆಯಲ್ಲಿ 50 ಡಿಗ್ರಿ. 2007ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ನಗರಗಳ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದಾಗ ಅದು ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದಂತಿತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಓಣಿಗಳು ಹೋಗಿ ನವನಗರ ಎದ್ದಾಗ ಮನೆಗಳಿಗೆ ಆರ್‌ಸಿಸಿ ಛಾವಣಿ ಬಂದಿತ್ತು. ಹಳೆಯ ಮಣ್ಣಿನ ಮಾಳಿಗೆಯ ಮೇಲೆ 200 ಲೀಟರಿನ ತೊಟ್ಟಿ ಇಡುವುದೆಂದರೆ ನೀರಿನ ತೂಕವೇ ಎರಡು ಕ್ವಿಂಟಾಲ್. ತೊಲೆ-ಜಂತಿ ನೋಡಿಸದೆ ಅದಕ್ಕೆ ಕೈ ಹಾಕಬಾರದು.

ಗಾಜಿನ ಕೊಳವೆಯ ಸೋಲಾರಿನಲ್ಲಿ ಪ್ರತಿ ಕೊಳವೆಗೂ ಎರಡು ಗೋಡೆ, ನಡುವೆ ನಿರ್ವಾತ. ಒಳಗೋಡೆಯ ಕಪ್ಪು ಲೇಪ ಬಿಸಿಲು ಹೀರುತ್ತದೆ, ನಿರ್ವಾತ ಆ ಶಾಖವನ್ನು ಹೊರಗೆ ಬಿಡುವುದಿಲ್ಲ. ಒಳಗಿನ ನೀರು ಕಾದು ಹಗುರಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತೊಟ್ಟಿಯ ತಣ್ಣೀರು ಕೊಳವೆಗೆ ಇಳಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಬಂಬದಲ್ಲಿ ಬಿಸಿ-ತಣ್ಣೀರನ್ನು ಬೇರೆ ಇಟ್ಟ ತೂಕದ ವ್ಯತ್ಯಾಸವೇ ಇಲ್ಲಿ ನೀರನ್ನು ಸುತ್ತಿಸುತ್ತದೆ.

ಮೋಡದ ದಿನಕ್ಕೆಂದು ತೊಟ್ಟಿಯೊಳಗೆ 2 ಕಿಲೋವಾಟಿನ ಕಾಯಿಲೊಂದನ್ನು ಕೂಡಿಸಿರುತ್ತಾರೆ. ಬಚ್ಚಲ ಬಾಗಿಲ ಬಳಿಯ ಸ್ವಿಚ್ಚು ಅದರದೇ. ಬೆಳಿಗ್ಗೆ ನೀರು ಬಿಸಿ ಇರಲಿ ಎಂದು ರಾತ್ರಿ ಅದನ್ನು ಹಾಕಿ ಮಲಗುತ್ತಾರೆ. ಬೇಕಾದದ್ದು ಅರವತ್ತು ಲೀಟರು, ಕಾಯುವುದು ಇನ್ನೂರು. ಇನ್ನೂರು ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು ಎಂಟು ಯೂನಿಟ್ ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಹೊತ್ತೇರಿದ ಮೇಲೆ. ತೊಟ್ಟಿಯಲ್ಲಿ ಮಿಕ್ಕ ನೀರು ಆಗಲೇ ಬಿಸಿ ಇರುವುದರಿಂದ ಬಿಸಿಲು ಬಂದು ಮಾಡಬೇಕಾದ ಕೆಲಸ ಉಳಿದೇ ಇರುವುದಿಲ್ಲ. ವಿದ್ಯುತ್ ಕಂಪನಿ ಹೆಸ್ಕಾಂ ಕೊಟ್ಟ ಶಾಖ ಸೂರ್ಯನ ಜಾಗ ಹಿಡಿದು ಕೂತಿರುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ಲಿಲ್ಲದವರೂ ಎಚ್ಚರದಿಂದಿರಬೇಕು. ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕಾಗುತ್ತದೆ.

ಹಾಗಾಗಿ ಹೊಸ ಸೋಲಾರ್ ಕೊಳ್ಳುವ ಮೊದಲು ಇದ್ದದ್ದಕ್ಕೆ ಟೈಮರ್ ಹಾಕಿಸಿ ಎಂಬುದು ನನ್ನ ಮಾತು. ಕಾಯಿಲು ತೊಟ್ಟಿಯ ಮೇಲ್ಭಾಗದಲ್ಲಿದ್ದರೆ ನಸುಕಿನಲ್ಲಿ ಒಂದು ತಾಸು ನಡೆದರೆ ಸಾಕು, ಅದೂ ಹಿಂದಿನ ದಿನ ಬಿಸಿಲಿಲ್ಲದಿದ್ದರೆ ಮಾತ್ರ. ಆಗ ಮೇಲಿನ ಪದರಷ್ಟೇ ಕಾದು ಕೆಳಗಿನದು ಬಿಸಿಲಿಗೆ ಉಳಿಯುತ್ತದೆ. ಕೂಡಿಸುವವನನ್ನು ಇದೊಂದು ಕೇಳಲೇಬೇಕು. ಇನ್ನೂ ಚೊಕ್ಕ ದಾರಿಯೆಂದರೆ ಸೋಲಾರಿನ ಬಿಸಿನೀರಿನ ಪೈಪನ್ನು ಬಚ್ಚಲಿನ ಸಣ್ಣ ಗೀಸರಿನ ಒಳದಾರಿಗೆ ಕೊಡುವುದು. ಬರುವ ನೀರು ಬಿಸಿಯಿದ್ದರೆ ಗೀಸರಿನ ಥರ್ಮೋಸ್ಟಾಟ್ ಕಾಯಿಲನ್ನು ಹಚ್ಚುವುದೇ ಇಲ್ಲ. ಪೈಪು ಮತ್ತು ಗೀಸರು ಬಿಸಿ ತಾಳುವಂಥವಿರಬೇಕು ಅಷ್ಟೆ. ಸಂಜೆ ಸ್ನಾನ ಮಾಡುವ ಮನೆಯವರಿಗೆ ಇದ್ಯಾವುದರ ರಗಳೆಯೂ ಇಲ್ಲ.

ಛಾವಣಿಯಿಂದ ಬಚ್ಚಲಿಗೆ ಬರುವ ಪೈಪನ್ನೂ ಅಳೆಯಿರಿ. ಮುಕ್ಕಾಲಿಂಚಿನ ಪೈಪು 12 ಮೀಟರ್ ಇದ್ದರೆ ಅದರೊಳಗೆ ನಾಲ್ಕು ಲೀಟರಿನಷ್ಟು ನೀರು ರಾತ್ರಿಯೆಲ್ಲ ತಣ್ಣಗಾಗಿ ನಿಂತಿರುತ್ತದೆ. ನಲ್ಲಿ ತಿರುವಿದವರು ಮೊದಲು ಅದನ್ನು ಚೆಲ್ಲುತ್ತಾರೆ. ಅರ್ಧ ಇಂಚಿನದಾದರೆ ಎರಡೇ ಲೀಟರು.

ಬೋರಿನ ನೀರು ಬೇರೆಯದೇ ತಕರಾರು. ಬಾಗಲಕೋಟೆ, ಲೋಕಾಪುರದ ಸುತ್ತ ನೆಲದಡಿಯೆಲ್ಲ ಸುಣ್ಣಕಲ್ಲು. ಅದನ್ನು ಕರಗಿಸಿಕೊಂಡು ಬಂದ ಗಡಸು ನೀರು ಕಾದಾಗ ಕರಗಿದ್ದು ಮತ್ತೆ ಕಲ್ಲಾಗಿ ಕೂರುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರ ಈ ಸುಣ್ಣದ ಪದರಿಗಿಂತ ನೂರು ಪಟ್ಟಿಗೂ ಮೇಲು, ಆದ್ದರಿಂದ ತೆಳು ಪದರೂ ಗೀಸರಿನ ಕಾಯಿಲನ್ನು ಸುಟ್ಟುಹಾಕುತ್ತದೆ. ಚಪ್ಪಟೆ ತಟ್ಟೆಯ ಸೋಲಾರಿನ ಸಣ್ಣ ತಾಮ್ರದ ನಳಿಗೆಗಳು ಕಟ್ಟಿಕೊಳ್ಳುವುದೂ ಇದರಿಂದಲೇ. ನದಿ ನೀರಿನ ನಲ್ಲಿ ಇಲ್ಲದ ಮನೆಗೆ ಗಾಜಿನ ಕೊಳವೆಯದೇ ವಾಸಿ, ಗಸಿ ಕೊಳವೆಯ ತಳದಲ್ಲಿ ಕೂರುತ್ತದೆ, ತೆಗೆದು ತೊಳೆಯಬಹುದು. ತೊಳೆಯುವಾಗ ಕೊಳವೆಯ ತುದಿ ನೋಡಿ. ಅಲ್ಲಿ ಬೆಳ್ಳಿ ಬಣ್ಣದ ಹೊಳೆಯುವ ಬೇರಿಯಂ ಲೇಪವಿರುತ್ತದೆ, ಒಳಗೆ ಗಾಳಿ ನುಗ್ಗಿದ್ದರೆ ಅದು ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತದೆ. ಬೆಳ್ಳಗಾದ ಕೊಳವೆಯೊಂದನ್ನಷ್ಟೇ ಬದಲಿಸಿದರಾಯಿತು. ಇಡೀ ಸೆಟ್ಟು ಹಾಳಾಗಿದೆ ಎನ್ನುವವನಿಗೆ ಅದನ್ನು ತೋರಿಸಿ ಕೇಳಿ.