ಒಂದು ಮೂಟೆ ಡಿಎಪಿ, 35 ಎಕರೆ ಕೆರೆ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು 1746ರಲ್ಲಿ ಕಂಡ ದಖ್ಖನ್ ಸುಬೇದಾರನ ಮಗ ನಾಸಿರ್ ಜಂಗ್, ನೀರಿನ ತಿಳಿಗೆ ಮನಸೋತು ಅದಕ್ಕೆ ಮೋತಿ ತಲಾಬ್ ಎಂದು ಹೆಸರಿಟ್ಟ. ಕಲ್ಲುಬೆಟ್ಟಗಳ ನಡುವೆ ಏರಿ ಕಟ್ಟಿದ ಕೆರೆ ಅದು; ಬಂಡೆಯ ಮೇಲೆ ಹರಿದು ಬರುವ ಮಳೆನೀರಿನಲ್ಲಿ ಪಾಚಿಗೆ ಬೇಕಾದ ಆಹಾರ ತೀರಾ ಕಡಿಮೆ. ಊರಿನ ಚರಂಡಿ, ಕಬ್ಬು-ಭತ್ತದ ಗದ್ದೆಗಳ ಬಸಿನೀರು ಬಂದು ಸೇರುವ ಕೆರೆಗಳು ಹಾಗಲ್ಲ. ಅಲ್ಲಿ ಪಾಚಿ, ಅಂತರಗಂಗೆಯನ್ನು ಎಷ್ಟು ಬಾರಿ ತೆಗೆಸಿದರೂ ಮತ್ತೆ ಹಬ್ಬುತ್ತದೆ. ಒಳಗೆ ಬರುವ ರಂಜಕವನ್ನು ತಡೆಯದೆ ಪಾಚಿ ತೆಗೆಸುವುದಕ್ಕೆ ಹಣ ಸುರಿಯುವುದು ವ್ಯರ್ಥ.

ಪಾಚಿಗೆ ಸಾರಜನಕವೂ ಬೇಕು, ರಂಜಕವೂ ಬೇಕು. ಆದರೆ ಕೆಲವು ನೀಲಿಹಸಿರು ಪಾಚಿಗಳು ಸಾರಜನಕವನ್ನು ಗಾಳಿಯಿಂದಲೇ ಪಡೆಯಬಲ್ಲವು. ರಂಜಕಕ್ಕೆ ಆ ದಾರಿಯಿಲ್ಲ. 1973ರಲ್ಲಿ ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಕೆರೆಯನ್ನು ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿ, ರಂಜಕವನ್ನು ಒಂದಕ್ಕೆ ಮಾತ್ರ ಸೇರಿಸಿದರು. ಹಸಿರಾದದ್ದು ಆ ಒಂದೇ ಭಾಗ. ಸಾಕಾಗುವ ಪ್ರಮಾಣವಾದರೂ ಎಷ್ಟು? ಲೀಟರಿಗೆ ಸುಮಾರು 35 ಮೈಕ್ರೋಗ್ರಾಂ ರಂಜಕ ದಾಟಿದರೆ ಆ ಕೆರೆಯಲ್ಲಿ ಪೋಷಕಾಂಶ ಅತಿಯಾಗಿದೆ ಎಂದೇ ಲೆಕ್ಕ. 50 ಕಿಲೋ ಡಿಎಪಿ ಗೊಬ್ಬರದ ಮೂಟೆಯೊಂದರಲ್ಲಿ ಸುಮಾರು 10 ಕಿಲೋ ರಂಜಕವಿರುತ್ತದೆ. ಅಷ್ಟೂ ಕರಗಿದರೆ, ಎರಡು ಮೀಟರ್ ಆಳದ 35 ಎಕರೆ ಕೆರೆಯನ್ನು ಆ ಗಡಿ ಮುಟ್ಟಿಸಲು ಒಂದೇ ಮೂಟೆ ಸಾಕು.

ಹಾಗಾದರೆ ತಪ್ಪೆಲ್ಲ ರೈತನದೇ ಎಂದು ಕೇಳಬಹುದು. ಅಲ್ಲ. ಗೊಬ್ಬರದ ರಂಜಕ ಬಹುಪಾಲು ಮಣ್ಣಿಗೆ ಅಂಟಿಕೊಂಡು, ಮಣ್ಣು ಕೊಚ್ಚಿಹೋದಾಗ ಅದರ ಜೊತೆ ಕೆರೆ ಸೇರುತ್ತದೆ. ಚರಂಡಿಯದ್ದು ಕರಗಿದ ರೂಪದಲ್ಲಿ, ವರ್ಷವಿಡೀ ಬರುತ್ತದೆ. ವಿ.ಸಿ. ನಾಲೆಯ ಅಚ್ಚುಕಟ್ಟಿರುವ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಗದ್ದೆಯಿಂದ ಗದ್ದೆಗೆ ಹರಿದ ನೀರೇ ಕೆರೆಗೆ ಇಳಿಯುತ್ತದೆ. ನಾಗಮಂಗಲ, ಕೆ.ಆರ್. ಪೇಟೆಗಳ ಮಳೆಯನ್ನೇ ನೆಚ್ಚಿದ ಕೆರೆಗಳಲ್ಲಿ ಬೇಸಿಗೆಯಲ್ಲಿ ನೀರು ಆವಿಯಾಗಿ ತಗ್ಗುತ್ತದೆ, ರಂಜಕ ಉಳಿಯುತ್ತದೆ. ಆಗ ಸಣ್ಣ ಚರಂಡಿಯೂ ದೊಡ್ಡ ಕೇಡು ಮಾಡುತ್ತದೆ. ಹಿಂದೆಯೂ ಕೆರೆಯಲ್ಲಿ ದನ ತೊಳೆಯುತ್ತಿದ್ದರು, ಆಗೇಕೆ ಹೀಗಾಗಲಿಲ್ಲ ಎಂಬುದು ಇನ್ನೊಂದು ಪ್ರಶ್ನೆ. ಬೇಸಿಗೆಯಲ್ಲಿ ಹೂಳನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುವ ರೂಢಿ ಆಗ ಇತ್ತು. ಕೆರೆ ಸೇರಿದ ರಂಜಕ ಪೈರಿಗೇ ಮರಳುತ್ತಿತ್ತು. ಈಗ ಅದು ತಳದಲ್ಲೇ ಉಳಿದಿದೆ. ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣದ ಅಂಶ ಹಿಡಿದಿಟ್ಟಿದ್ದ ರಂಜಕ ಬಿಡುಗಡೆಯಾಗಿ ಮತ್ತೆ ಪಾಚಿಗೆ ಸಿಗುತ್ತದೆ. ಚರಂಡಿ ತಿರುಗಿಸಿದ ಮರುವರ್ಷವೇ ಕೆರೆ ತಿಳಿಯಾಗದಿರುವುದು ಇದರಿಂದಲೇ. ತಡೆಯುವ ಕೆಲಸ ದಂಡವಾಯಿತೆಂದು ಅಲ್ಲಿಗೇ ಕೈಬಿಡಬಾರದು.

ಹಸಿರು ನೀರಿನಲ್ಲಿ ಮೀನು ಚೆನ್ನಾಗಿ ಬೆಳೆಯುತ್ತದೆ ಎಂಬ ಮೀನು ಸಾಕುವವರ ಮಾತಿನಲ್ಲಿ ನಿಜವಿದೆ, ಒಂದು ಮಿತಿಯವರೆಗೆ. ಪಾಚಿ ದಟ್ಟವಾದರೆ ರಾತ್ರಿಯಿಡೀ ಆಮ್ಲಜನಕ ಹೀರಿ, ನಸುಕಿನಲ್ಲಿ ಅದೇ ಮೀನನ್ನು ಉಸಿರುಗಟ್ಟಿಸಿ ಕೊಲ್ಲುತ್ತದೆ. ಕೆಲವು ನೀಲಿಹಸಿರು ಪಾಚಿಗಳು ಈಲಿಗೆ ಹಾನಿ ಮಾಡುವ ವಿಷ ಬಿಡುತ್ತವೆ. ನೀರು ಕುದಿಸಿದರೂ ಅದು ಹೋಗುವುದಿಲ್ಲ. ಅಂಥ ನೀರನ್ನು ದನಕರುಗಳಿಗೂ ಕುಡಿಸಬಾರದು. ಗ್ರಾಮಸಭೆಯಲ್ಲಿ ಪಾಚಿ ತೆಗೆಸುವ ಮಾತು ಬಂದರೆ, ಮೊದಲು ಚರಂಡಿಯನ್ನು ಕೆರೆಯಿಂದಾಚೆ ತಿರುಗಿಸಲು ಕೇಳಿ. ಮಣ್ಣು ಪರೀಕ್ಷೆ ಮಾಡಿಸಿದ ಮೇಲೆಯೇ ಡಿಎಪಿ ಕೊಳ್ಳಿ, ಕೆರೆಗಿಳಿಯುವ ಹಳ್ಳದ ದಡದ ಹುಲ್ಲನ್ನು ಉಳಬೇಡಿ, ಕೆರೆ ಬತ್ತಿದ ವರ್ಷ ಹೂಳನ್ನು ಹೊಲಕ್ಕೆ ಹೊಡೆಯಿರಿ.