ಬಾಣೆಯ ನಾಡು

ಕರ್ನಾಟಕದ ಜಿಲ್ಲೆಗಳಲ್ಲಿ ಜನಸಾಂದ್ರತೆ ಅತ್ಯಂತ ಕಡಿಮೆ ಇರುವುದು ಕೊಡಗಿನಲ್ಲಿ. 2011ರ ಜನಗಣತಿಯ ಪ್ರಕಾರ 4,102 ಚದರ ಕಿಲೋಮೀಟರು ವಿಸ್ತಾರದ ಈ ನಾಡಿನಲ್ಲಿದ್ದವರು 5,54,519 ಮಂದಿ. ಎಂದರೆ ಚದರ ಕಿಲೋಮೀಟರಿಗೆ 135 ಜನ. ಬೆಟ್ಟ, ಕಾಡು, ಮಳೆಗಳೇ ಇದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಅಲ್ಲಿನ ಭೂಹಿಡುವಳಿಯ ಕ್ರಮವನ್ನು ಅರಿಯದೆ ಈ ವಿರಳ ವಸತಿಯ ಮರ್ಮ ತಿಳಿಯದು.

ಬಯಲುಸೀಮೆಯಂತೆ ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲು ಕೊಡಗಿನ ಹಳ್ಳಿಗಳಲ್ಲಿ ಅಪರೂಪ. ಒಂದೇ ಮೂಲಪುರುಷನ ಸಂತತಿಗೆ ಅಲ್ಲಿ ಒಕ್ಕವೆಂದು ಹೆಸರು. ಒಕ್ಕದ ಐನ್‌ಮನೆ ಗುಡ್ಡದ ಓರೆಯಲ್ಲಿ, ಕೆಳಗಿನ ಕಣಿವೆಯಲ್ಲಿ ಗದ್ದೆ, ಮೇಲೆ ಬಾಣೆ. ಬಾಣೆಯೆಂದರೆ ಗದ್ದೆಯ ಬೇಸಾಯಕ್ಕೆ ಆಸರೆಯಾಗಿ ಬಿಟ್ಟ, ಮರಗಳಿಂದ ಕೂಡಿದ ಭೂಮಿ. ದನಗಳು ಮೇಯುತ್ತಿದ್ದುದು ಅಲ್ಲಿ. ಒಲೆಗೆ ಸೌದೆ, ಮನೆಗೆ ಮರಮುಟ್ಟು ಬರುತ್ತಿದ್ದುದೂ ಅಲ್ಲಿಂದಲೇ. ಬಾಣೆಯ ಸೊಪ್ಪು ಕೊಟ್ಟಿಗೆಯಲ್ಲಿ ಸಗಣಿಯೊಡನೆ ಕೊಳೆತು, ಗೊಬ್ಬರವಾಗಿ ಗದ್ದೆಗಿಳಿಯುತ್ತಿತ್ತು. ಪ್ರತಿ ಗದ್ದೆಗೂ ಇಷ್ಟು ಗುಡ್ಡ ಬೇಕಾದಾಗ ಮನೆಗಳು ದೂರದೂರವಾದುದು ಸಹಜವೇ ಸರಿ.

ಹಾಲೇರಿ ಅರಸರ ಆಳ್ವಿಕೆಯಲ್ಲಿ ಈ ಕ್ರಮ ದೃಢಗೊಂಡಿತು. ಕರೆ ಬಂದಾಗ ಅರಸನ ಸೇವೆಗೆ ನಿಲ್ಲುವ ಮನೆತನಗಳಿಗೆ ಜಮ್ಮಾ ಭೂಮಿ ಲಭಿಸುತ್ತಿತ್ತು. ಅದರ ಕಂದಾಯ ಸಾಮಾನ್ಯ ಸಾಗುಭೂಮಿಯದರ ಅರ್ಧದಷ್ಟು ಮಾತ್ರ. ಆದರೆ ಅದನ್ನು ಇಚ್ಛೆ ಬಂದಂತೆ ಮಾರುವಂತಿರಲಿಲ್ಲ. ಮಾರಲಾಗದ ನೆಲದಲ್ಲಿ ಹೊರಗಿನವರು ನೆಲೆಯೂರುವುದಾದರೂ ಹೇಗೆ? ಅದೇ ಗದ್ದೆಗಳಲ್ಲಿ ಬೆವರು ಸುರಿಸಿದ ಎರವರಿಗೆ ಮಾತ್ರ ಆ ನೆಲದಲ್ಲಿ ಪಾಲಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು.

1834ರಲ್ಲಿ ಇಂಗ್ಲಿಷರು ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದರು. ಜಮ್ಮಾ ಹಕ್ಕನ್ನು ಮಾತ್ರ ಉಳಿಸಿದರು. ನಿಜವಾದ ಬದಲಾವಣೆ ತಂದುದು ಕಾಫಿ. 1854ರಲ್ಲಿ ಫೌಲರ್ ಎಂಬಾತನು ಮಡಿಕೇರಿಯಲ್ಲಿ ಐರೋಪ್ಯರ ಮೊದಲ ಕಾಫಿ ತೋಟವನ್ನು ತೆರೆದನು. ಕ್ರಮೇಣ ಒಕ್ಕಗಳೂ ತಮ್ಮ ಬಾಣೆಯ ಮರಗಳ ನೆರಳಿನಲ್ಲಿ ಕಾಫಿ ನೆಟ್ಟವು. ಆಗ ತೊಡಕು ಎದ್ದಿತು. ಗದ್ದೆಗೆ ನೆರವಾಗಲೆಂದು ಬಿಟ್ಟ ನೆಲವು ಗದ್ದೆಗಿಂತಲೂ ಬೆಲೆಯುಳ್ಳದ್ದಾದ ಮೇಲೆ ಅದರ ಮಣ್ಣು ಯಾರದು, ಮರ ಯಾರದು? 1899ರ ಕೊಡಗು ಭೂಕಂದಾಯ ಶಾಸನದಿಂದ ಈ ಪ್ರಶ್ನೆ ತೀರಲಿಲ್ಲ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದ ಬಳಿಕವೂ ಅದು ನ್ಯಾಯಾಲಯಗಳ ಮೆಟ್ಟಿಲೇರಿತು.

ಬಾಣೆ ತೋಟವಾದೊಡನೆ ದನಗಳಿಗೆ ಮೇವಿನ ನೆಲ ಕುಗ್ಗಿತು. ಸೊಪ್ಪುಗೊಬ್ಬರದ ಸ್ಥಾನಕ್ಕೆ ಕಾರ್ಖಾನೆಯ ಗೊಬ್ಬರ ಬಂದಿತು. ದುಡಿಮೆ ಹೆಚ್ಚು ಬೇಡಿ, ಆದಾಯ ಕಡಿಮೆ ಕೊಡುವ ಗದ್ದೆಗಳು ಇಂದು ಅನೇಕ ಕಣಿವೆಗಳಲ್ಲಿ ಪಾಳುಬಿದ್ದಿವೆ; ಅವುಗಳ ಮೇಲಣ ಗುಡ್ಡಗಳಲ್ಲಿ ಕಾಫಿ ಹೂ ಬಿಡುತ್ತಿದೆ.