ನಿಮಗಿದು ಗೊತ್ತೆ? ದ್ವೀಪ ಒಂದೇ, ಸರ್ಪಹದ್ದು ಎರಡು
ನಮ್ಮ ಪಶ್ಚಿಮ ಘಟ್ಟದ ಕಾಡುಗಳ ಮೇಲೆ ಶಿಳ್ಳೆ ಹಾಕುತ್ತ ಸುತ್ತುವ ಜುಟ್ಟಿನ ಸರ್ಪಹದ್ದಿಗೆ ಅಂಡಮಾನಿನಲ್ಲೊಂದು ದಾಯಾದಿ ಹಕ್ಕಿಯಿದೆ: ಅಂಡಮಾನ್ ಸರ್ಪಹದ್ದು. ಎರಡೂ 'ಸ್ಪಿಲೋರ್ನಿಸ್' ಕುಲದವು. ಕಣ್ಣಿನಿಂದ ಕೊಕ್ಕಿನವರೆಗೆ ಹಳದಿ ಚರ್ಮ, ನೆತ್ತಿಯ ಹಿಂದೆ ಗಿಡ್ಡ ಜುಟ್ಟು, ಗರಿಯಿಲ್ಲದ ಹುರುಪೆಗಾಲು ಎರಡಕ್ಕೂ ಇವೆ.

ಗುರುತು ಹಿಡಿಯಬೇಕಾದದ್ದು ಬಣ್ಣದಿಂದ. ಅಂಡಮಾನ್ ಸರ್ಪಹದ್ದಿನ ಮೈಯೆಲ್ಲ ಕಾಫಿಪುಡಿಯಂಥ ಕಡುಕಂದು, ಅದರ ಮೇಲೆ ಬಿಳಿ ಚುಕ್ಕಿ. ಅದೇ ದ್ವೀಪದ ಜುಟ್ಟಿನ ಸರ್ಪಹದ್ದು ತಿಳಿಬಣ್ಣದ್ದು. ನೆಲೆಯಲ್ಲೂ ಪಾಲಾಗಿದೆ: ಕಡಲಂಚಿನ ಕಾಂಡ್ಲಾ ಕಾಡು ಹೆಚ್ಚಾಗಿ ಜುಟ್ಟಿನದಕ್ಕೆ, ಒಳನಾಡಿನ ಕಾಡು ಅಂಡಮಾನಿನದಕ್ಕೆ. ಹೆಸರು ಸರ್ಪಹದ್ದಾದರೂ ಕಪ್ಪೆ, ಹಲ್ಲಿ, ಇಲಿಗಳನ್ನೂ ಇವು ಬಿಡುವುದಿಲ್ಲ.

ಜುಟ್ಟಿನ ಸರ್ಪಹದ್ದು ದಕ್ಷಿಣ ಹಾಗೂ ಆಗ್ನೇಯ ಏಷ್ಯಾದ ಉದ್ದಗಲಕ್ಕೂ ಹರಡಿದೆ. ಅಂಡಮಾನಿನದು ಆ ದ್ವೀಪಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ.